ಹ್ಯಾಂಡ್‌ಬ್ರೇಕ್ ಇಲ್ಲದ ರ‍್ಯಾಲಿ ಕಾರು: ಪರ್ತ್‌ನಿಂದ ಚಿಕ್ಕಪ್ಪನಿಗೊಂದು ಪತ್ರ

ಪರ್ತ್,
ಪಶ್ಚಿಮ ಆಸ್ಟ್ರೇಲಿಯಾ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಬೋಪಣ್ಣನು ಮಾಡುವ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಅಮ್ಮತ್ತಿಯಲ್ಲಿ ತಾವು, ಚಿಕ್ಕಮ್ಮ, ಮುತ್ತಣ್ಣ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಇಷ್ಟು ಉದ್ದದ ಪತ್ರ ಓದಲು ತಮಗೆ ಪುರುಸೊತ್ತು ಸಿಗುವುದು ಕಷ್ಟವೇ; ಆದರೂ ತಾವು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಮುತ್ತಣ್ಣ ಮೈಸೂರಿನಲ್ಲಿ ನೋಡಿಟ್ಟು ಬಂದಿರುವ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ರ‍್ಯಾಲಿ ವಂಶದ ಕಾರೆಂದು ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ, ಈಗಿನ ಇಂಥ ಕಾರುಗಳಲ್ಲಿ ರ‍್ಯಾಲಿಯ ಗುಣ ನಿಜವಾಗಿ ಉಳಿದಿದೆಯೇ ಅಥವಾ ಡಿಕ್ಕಿಯ ಮೇಲೆ ಅಂಟಿಸಿದ ಅಕ್ಷರ ಮಾತ್ರವೇ ಎಂದು ತಾವು ಕೇಳಿದಿರಿ. ಜಿಪ್ಸಿಯಲ್ಲಿಯೂ ಲ್ಯಾನ್ಸರ್‌ನಲ್ಲಿಯೂ ಚಾಲಕನಿಗೆ ದಾರಿ ಹೇಳುವ ನ್ಯಾವಿಗೇಟರ್ ಸೀಟಿನಲ್ಲಿ ಕುಳಿತು ಬಂದ ತಮಗೆ ನಾನು ರ‍್ಯಾಲಿಯ ಪಾಠ ಹೇಳಹೊರಡುವುದು ಅಧಿಕಪ್ರಸಂಗವಾದೀತು. ಆದರೆ ನಾನು ಈಗ ಇರುವ ಊರು ಈ ವಿಷಯಕ್ಕೆ ತಕ್ಕ ಊರಾದ್ದರಿಂದ ಕಂಡದ್ದನ್ನು, ತಿಳಿದದ್ದನ್ನು ಬರೆಯುತ್ತೇನೆ.

ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಆಸ್ಟ್ರೇಲಿಯಾ ಸುತ್ತು 2006ರವರೆಗೂ ಪರ್ತ್‌ನಲ್ಲಿಯೇ ನಡೆಯುತ್ತಿತ್ತು. ಊರಿನಿಂದ ಪೂರ್ವಕ್ಕೂ ದಕ್ಷಿಣಕ್ಕೂ ಗುಡ್ಡ ಹತ್ತಿದರೆ ಜಾರಾ ಮರಗಳ ಕಾಡು. ಅದರೊಳಗಿನ ಮಣ್ಣುರಸ್ತೆಗಳೇ ಆಗಿನ ಸ್ಟೇಜುಗಳು, ಅಂದರೆ ಗಡಿಯಾರ ಹಿಡಿದು ಓಡಿಸುವ ದಾರಿಯ ತುಂಡುಗಳು. ಅಲ್ಲಿಯ ನೆಲ ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆಯ ಜಾತಿಯದೇ, ಆದರೆ ಗಟ್ಟಿಯಾದ ನೆಲದ ಮೇಲೆ ಸಣ್ಣ ಉರುಟು ಹರಳುಗಳು ಸಡಿಲವಾಗಿ ಹರಡಿಕೊಂಡಿರುತ್ತವೆ. ಕಣದಲ್ಲಿ ಒಣಗಲು ಹಾಕಿದ ಕರಿಮೆಣಸಿನ ಮೇಲೆ ರಬ್ಬರ್ ಚಪ್ಪಲಿಯಲ್ಲಿ ಓಡಿದರೆ ಏನಾಗುತ್ತದೆಯೋ ಅಲ್ಲಿ ಟಯರಿಗೆ ಆಗುವುದೂ ಅದೇ. ಸಾಲಿನ ಮೊದಲಿಗೆ ಹೋಗುವ ಕಾರು ಈ ಹರಳುಗಳನ್ನು ಗುಡಿಸಿಕೊಟ್ಟು ಹಿಂದಿನವರಿಗೆ ದಾರಿ ಮಾಡಿಕೊಡಬೇಕಾಗುತ್ತಿತ್ತು, ಆದ್ದರಿಂದ ಮೊದಲು ಹೊರಡಲು ಯಾರಿಗೂ ಇಷ್ಟವಿರುತ್ತಿರಲಿಲ್ಲ.

ಈ ಕಾಡಿನಲ್ಲಿ 1996ರಲ್ಲಿ ಟಾಮಿ ಮ್ಯಾಕಿನೆನ್ ಮಿತ್ಸುಬಿಶಿ ಲ್ಯಾನ್ಸರ್ ಇವಲ್ಯೂಷನ್‌ನಲ್ಲಿ ಗೆದ್ದು ತನ್ನ ಮೊದಲ ವಿಶ್ವ ಪಟ್ಟವನ್ನು ಖಚಿತಪಡಿಸಿಕೊಂಡ. 1997ರಲ್ಲಿ ಕಾಲಿನ್ ಮೆಕ್‌ರೇ ಸುಬಾರು ಇಂಪ್ರೆಜಾದಲ್ಲಿ ಗೆದ್ದ. ನೋಡುವವರಿಗೆ ಎರಡೂ ಜಪಾನಿನ ಸೆಡಾನ್ ವಂಶದ ಕಾರುಗಳು, ಎರಡಕ್ಕೂ ಟರ್ಬೊ, ಎರಡಕ್ಕೂ ನಾಲ್ಕು ಚಕ್ರಗಳ ಎಳೆತ. ಆದರೆ ಆ ಒಂದು ವರ್ಷದ ನಡುವೆಯೇ ತಮ್ಮ ಪ್ರಶ್ನೆಯ ಉತ್ತರ ಅಡಗಿದೆ ಎಂದು ನನಗನಿಸುತ್ತದೆ. ಮ್ಯಾಕಿನೆನ್‌ನ ಕಾರು ಗ್ರೂಪ್ ಎ ನಿಯಮದ್ದು. ಆ ನಿಯಮದ ಪ್ರಕಾರ ಸ್ಪರ್ಧೆಗೆ ಇಳಿಸುವ ಕಾರಿನ ಮೂಲ ರೂಪವನ್ನು 2,500ರ ಸಂಖ್ಯೆಯಲ್ಲಿ ತಯಾರಿಸಿ ಜನರಿಗೆ ಮಾರಲೇಬೇಕಿತ್ತು. ರ‍್ಯಾಲಿಗೆ ದೊಡ್ಡ ಟರ್ಬೊ, ಗಟ್ಟಿ ಗೇರ್‌ಬಾಕ್ಸ್, ಅಲ್ಯೂಮಿನಿಯಂ ಬಾನೆಟ್ ಬೇಕೆಂದಾದರೆ ಅದನ್ನು ಮೊದಲು ಶೋರೂಮಿನ ಕಾರಿಗೆ ಹಾಕಬೇಕಿತ್ತು. 1992ರಲ್ಲಿ ಬಂದ ಮೊದಲ ಇವಲ್ಯೂಷನ್ ಹುಟ್ಟಿದ್ದೇ ಈ ಒತ್ತಾಯದಿಂದ. ಅದರ ಆರ್‌ಎಸ್ ಎಂಬ ಬೋಳು ಆವೃತ್ತಿಯಲ್ಲಿ ಕೈಯಿಂದ ತಿರುಗಿಸುವ ಗಾಜು ಮತ್ತು ಉಕ್ಕಿನ ಚಕ್ರಗಳನ್ನು ಬಿಟ್ಟರೆ ಹೆಚ್ಚಿನ ಸೌಕರ್ಯವೇನೂ ಇರಲಿಲ್ಲ, ಏಕೆಂದರೆ ಕೊಂಡವನು ಮರುದಿನವೇ ಎಲ್ಲವನ್ನೂ ಕಿತ್ತುಹಾಕಿ ರೋಲ್ ಕೇಜ್ ಎಂಬ ರಕ್ಷಣೆಯ ಚೌಕಟ್ಟನ್ನು ಕೂರಿಸುತ್ತಾನೆಂದು ಕಂಪನಿಗೆ ಗೊತ್ತಿತ್ತು.

1997ರಿಂದ ವರ್ಲ್ಡ್ ರ‍್ಯಾಲಿ ಕಾರ್ ಎಂಬ ಹೊಸ ನಿಯಮ ಬಂತು. ಸಾಮಾನ್ಯ ಕಾರಿನ ಹೊರಮೈಯನ್ನು ಇಟ್ಟುಕೊಂಡು ಟರ್ಬೊವನ್ನೂ ನಾಲ್ಕು ಚಕ್ರಗಳ ಎಳೆತವನ್ನೂ ರ‍್ಯಾಲಿ ತಂಡವೇ ಸೇರಿಸಬಹುದು, ಅಂಥದ್ದನ್ನು ಜನರಿಗೆ ಮಾರಬೇಕಾದ ಕಟ್ಟುಪಾಡಿಲ್ಲ ಎಂದಾಯಿತು. ಮೆಕ್‌ರೇ ಓಡಿಸಿದ ಇಂಪ್ರೆಜಾ ಇಂಗ್ಲೆಂಡಿನ ಪ್ರೊಡ್ರೈವ್ ಕಾರ್ಯಾಗಾರದಲ್ಲಿ ಕಟ್ಟಿದ ಎರಡು ಬಾಗಿಲಿನ ಕಾರು. ಜನ ಶೋರೂಮಿನಲ್ಲಿ ಮುಗಿಬಿದ್ದು ಕೊಂಡದ್ದು ಹೆಚ್ಚಾಗಿ ನಾಲ್ಕು ಬಾಗಿಲಿನ ಸೆಡಾನನ್ನು. ಸ್ಪರ್ಧೆಯ ಕಾರನ್ನೂ ಶೋರೂಮಿನ ಕಾರನ್ನೂ ಕಟ್ಟಿದ್ದ ಹಗ್ಗ ಸಡಿಲವಾದದ್ದು ಅಲ್ಲಿಯೇ, ಚಿಕ್ಕಪ್ಪ. ಆದರೂ ಆ ವರ್ಷ ಚಾಂಪಿಯನ್ ಆದವನು ಹಳೆಯ ಗ್ರೂಪ್ ಎ ಲ್ಯಾನ್ಸರನ್ನೇ ನೆಚ್ಚಿಕೊಂಡಿದ್ದ ಮ್ಯಾಕಿನೆನ್, ಅದೂ ಮೆಕ್‌ರೇಗಿಂತ ಒಂದೇ ಒಂದು ಅಂಕ ಹೆಚ್ಚು ಪಡೆದು. ಮಿತ್ಸುಬಿಶಿಯವರು 2001ರವರೆಗೂ ಹಳೆಯ ನಿಯಮವನ್ನೇ ಹಿಡಿದುಕೊಂಡಿದ್ದರು. ಅದು ಹಟವೋ, ಮಾರಾಟದ ಲೆಕ್ಕಾಚಾರವೋ, ಅಂತೂ 1996ರಿಂದ 1999ರವರೆಗಿನ ನಾಲ್ಕು ಪಟ್ಟಗಳು ಶೋರೂಮಿನ ಕಾರಿಗೆ ಹತ್ತಿರದ ನೆಂಟನಾದ ಕಾರಿಗೇ ಸಂದವು.

ನನ್ನ ಜೊತೆ ಗಣಿ ಯಂತ್ರಗಳ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಒಬ್ಬರ ಬಳಿ ಒಂಬತ್ತನೆಯ ತಲೆಮಾರಿನ ಇವಲ್ಯೂಷನ್ ಇದೆ. ತಮಗೆ ತೋರಿಸಬೇಕೆಂದು ನನಗೆ ಬಹಳ ಆಸೆಯಾದದ್ದು ಅದರ ಎಂಜಿನ್ ಅಲ್ಲ, ಡ್ಯಾಶ್‌ಬೋರ್ಡಿನಲ್ಲಿರುವ ಒಂದು ಸಣ್ಣ ಗುಂಡಿ. ಅದನ್ನು ಒತ್ತುತ್ತ ಹೋದರೆ ಡಾಂಬರು, ಜಲ್ಲಿ, ಹಿಮ ಎಂದು ಮೂರು ಆಯ್ಕೆಗಳು ಬರುತ್ತವೆ. ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನು ಎಷ್ಟು ಬಿಗಿ ಹಿಡಿಯಬೇಕು, ತಿರುವಿನಲ್ಲಿ ಎಷ್ಟು ಬೇಗ ಬಿಡಬೇಕು ಎಂಬುದು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಹ್ಯಾಂಡ್‌ಬ್ರೇಕ್. ಅದನ್ನು ಎಳೆದ ಕ್ಷಣ ಆ ನಡುವಿನ ಡಿಫರೆನ್ಷಿಯಲ್ ಪೂರ್ತಿ ಸಡಿಲಗೊಳ್ಳುತ್ತದೆ. ಹಿಂದಿನ ಚಕ್ರಗಳು ಮಾತ್ರ ನಿಲ್ಲುತ್ತವೆ, ಬಾಲ ತಿರುಗುತ್ತದೆ, ಬಿಟ್ಟ ಕೂಡಲೇ ನಾಲ್ಕೂ ಚಕ್ರಗಳು ಮತ್ತೆ ಕಚ್ಚಿಕೊಳ್ಳುತ್ತವೆ. ಹೇರ್‌ಪಿನ್ ತಿರುವಿಗೆ ಇದು ಎಂಥ ವರವೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಲು ತರಲು ಅಂಗಡಿಗೆ ಹೋಗುವವನಿಗೆ ಈ ಏರ್ಪಾಟಿನಿಂದ ಮೂರು ಕಾಸಿನ ಉಪಯೋಗವಿಲ್ಲ. ಉಪಯೋಗವಿಲ್ಲದಿದ್ದರೂ ಅದನ್ನು ಮಾರುವ ಕಾರಿನಲ್ಲಿ ಇಟ್ಟರು, ಯಾಕೆಂದರೆ ಕೊಂಡವರಲ್ಲಿ ಯಾರೋ ಒಬ್ಬ ಅದನ್ನು ಗ್ರೂಪ್ ಎನ್ ವಿಭಾಗದಲ್ಲಿ ಹೆಚ್ಚುಕಡಿಮೆ ಹಾಗೆಯೇ ಸ್ಟೇಜಿಗೆ ಇಳಿಸುತ್ತಿದ್ದ.

ಇನ್ನು ಹೊಸ ಕಾರಿನ ವಿಚಾರ. ಲ್ಯಾನ್ಸರ್ ಇವಲ್ಯೂಷನ್ ಹತ್ತನೆಯ ತಲೆಮಾರಿಗೇ ನಿಂತುಹೋಯಿತು. ಸುಬಾರು 2008ರ ಕೊನೆಗೆ ವಿಶ್ವ ರ‍್ಯಾಲಿಯಿಂದ ಹಿಂದೆ ಸರಿಯಿತು. ಮುಂದೆ ಇಂಪ್ರೆಜಾದ ವೇಗದ ಆವೃತ್ತಿಯಾಗಿದ್ದ ಡಬ್ಲ್ಯುಆರ್‌ಎಕ್ಸ್ ಅನ್ನು ಅದರಿಂದ ಬೇರ್ಪಡಿಸಿ ಸ್ವತಂತ್ರ ಕಾರಾಗಿ ಮಾರತೊಡಗಿತು, ಮತ್ತು ಈಗಿನ ತಲೆಮಾರಿಗೆ ಎಸ್‌ಟಿಐ ಎಂಬ ಇನ್ನೂ ಬಿರುಸಾದ ಪೆಟ್ರೋಲ್ ರೂಪ ಇರುವುದಿಲ್ಲವೆಂದು 2022ರಲ್ಲಿ ಸಾರಿತು. ಈ ಹೊಸ ಡಬ್ಲ್ಯುಆರ್‌ಎಕ್ಸ್ ಅನ್ನು ಸ್ನೇಹಿತರೊಬ್ಬರ ಕೃಪೆಯಿಂದ ನಾನು ಡಾಂಬರಿನ ಮೇಲೂ ಕಾಡಿನ ಜಲ್ಲಿಯ ಮೇಲೂ ಓಡಿಸಿದ್ದೇನೆ. 2.4 ಲೀಟರ್ ಟರ್ಬೊ ಎಂಜಿನ್ನಿಗೆ ಸುಮಾರು 270 ಅಶ್ವಶಕ್ತಿ. ಮೂವತ್ತು ವರ್ಷಗಳ ಹಿಂದಿನ ಮೊದಲ ಡಬ್ಲ್ಯುಆರ್‌ಎಕ್ಸ್‌ಗೇ 240 ಇತ್ತೆಂದು ನೆನೆದರೆ ಇದೇನೂ ದೊಡ್ಡ ಜಿಗಿತವಲ್ಲ, ಅದರಲ್ಲಿಯೂ ಕಾರಿನ ತೂಕ 1,200 ಕಿಲೋ ಆಸುಪಾಸಿನಿಂದ 1,500 ದಾಟಿರುವಾಗ. ಆ ತೂಕ ಬಂದದ್ದು ಏರ್‌ಬ್ಯಾಗು, ಗಟ್ಟಿ ಬಾಡಿ, ಸದ್ದು ತಡೆಯುವ ಪದರಗಳಿಂದ. ಅದನ್ನು ದೂರುವವರು ಮಡಿಕೇರಿಯ ಘಾಟಿಯಲ್ಲಿ ಲಾರಿಗೆ ಗುದ್ದಿದ ಹಳೆಯ ಕಾರುಗಳನ್ನು ಒಮ್ಮೆ ನೋಡಬೇಕು.

ಡಾಂಬರಿನ ಮೇಲೆ ಅದು ಒಂಬತ್ತನೆಯ ಇವಲ್ಯೂಷನ್‌ಗಿಂತ ಎಷ್ಟೋ ನಿರಾಳ. ಜಲ್ಲಿಗೆ ಇಳಿಸಿದಾಗ ನನಗೆ ಆಶ್ಚರ್ಯವೇ ಆಯಿತು: ಸಸ್ಪೆನ್ಷನ್‌ಗೆ ಮೇಲೆ ಕೆಳಗೆ ಹೋಗಿಬರುವಷ್ಟು ಆಟವಿದೆ, ಗುಂಡಿ ಸಿಕ್ಕಿದರೆ ಬೆನ್ನಿಗೆ ಗುದ್ದು ಕೊಡುವುದಿಲ್ಲ, ಸಿಲಿಂಡರುಗಳು ಚಪ್ಪಟೆಯಾಗಿ ಮಲಗಿದ ಎಂಜಿನ್ನಿನ ತೂಕ ಕೆಳಗಿರುವುದರಿಂದ ತಿರುವಿನಲ್ಲಿ ಮೂತಿ ತೊನೆಯುವುದು ಕಡಿಮೆ. ಚಕ್ರದ ಕಮಾನಿನ ಸುತ್ತ ಅಂಟಿಸಿರುವ ಕಪ್ಪು ಪ್ಲಾಸ್ಟಿಕನ್ನು ನೋಡಿ ಇಲ್ಲಿಯ ಜನ ನಗುತ್ತಾರೆ. ತೋಟದ ರಸ್ತೆಯಲ್ಲಿ ಕಲ್ಲು ಸಿಡಿದು ಬಣ್ಣ ಕಳೆದುಕೊಂಡ ನಮಗೆ ಅದು ನಗುವ ವಿಷಯವಾಗಿ ಕಾಣುವುದಿಲ್ಲ. ಮಣ್ಣನ್ನು ಬಲ್ಲವರು ಮಾಡಿದ ಕಾರು ಎಂಬುದು ಸ್ಟೇರಿಂಗ್ ಹಿಡಿದ ಸ್ವಲ್ಪ ಹೊತ್ತಿಗೇ ತಿಳಿಯುತ್ತದೆ.

ಆದರೆ ಹೇರ್‌ಪಿನ್ ಬಂತೆಂದು ಎಡಗೈ ತಾನಾಗಿ ಕೆಳಗೆ ಹೋದರೆ ಅಲ್ಲಿ ಎಳೆಯಲು ಏನೂ ಇಲ್ಲ. ಹ್ಯಾಂಡ್‌ಬ್ರೇಕಿನ ಜಾಗದಲ್ಲಿ ಒಂದು ಸ್ವಿಚ್ಚು! ಕೈಯಿಂದ ಗೇರು ಹಾಕುವ ಕಾರಿನಲ್ಲಿ ಮುಂದಿನ, ಹಿಂದಿನ ಆ್ಯಕ್ಸಲ್‌ಗಳಿಗೆ ಶಕ್ತಿಯನ್ನು ಸಮನಾಗಿ ಹಂಚುವ, ವಿಸ್ಕಸ್ ಕಪ್ಲಿಂಗ್ ಜೋಡಿಸಿದ ಡಿಫರೆನ್ಷಿಯಲ್ ಇದೆ. ಅದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ, ಹಳೆಯ ಎಸ್‌ಟಿಐಗಳಲ್ಲಿದ್ದಂತೆ ಚಾಲಕನು ತಿರುಗಿಸಿ ಬಿಗಿ ಮಾಡುವ ಚಕ್ರ ಅಲ್ಲಿಲ್ಲ. ಮಳೆಗಾಲದಲ್ಲಿ ಸಿದ್ದಾಪುರದ ರಸ್ತೆಯಲ್ಲಿ ಸಂಸಾರವನ್ನು ಕೂರಿಸಿಕೊಂಡು ಹೋಗುವವನಿಗೆ ಇದೇ ಹೆಚ್ಚು ಕ್ಷೇಮ. ಸ್ಟೇಜಿಗೆ ಇಳಿಸುವುದಾದರೆ ಈ ಎರಡನ್ನೂ ಕಿತ್ತು ಬೇರೆ ಹಾಕಬೇಕಾಗುತ್ತದೆ, ಹಾಗೆ ಮಾಡಿದವರೂ ಇದ್ದಾರೆ: ಅಮೆರಿಕದ ರ‍್ಯಾಲಿಗಳಲ್ಲಿ ಇದೇ ಆಕಾರದ ಕಾರು ಓಡುತ್ತದೆ, ಆದರೆ ಅದನ್ನು ವರ್ಮಾಂಟ್‌ನ ಒಂದು ಕಾರ್ಯಾಗಾರ ಬಹುಪಾಲು ಹೊಸದಾಗಿಯೇ ಕಟ್ಟುತ್ತದೆ. ಅಂದರೆ ಈಗ ಕಾರಿನಿಂದ ರ‍್ಯಾಲಿಗೆ ಹೋಗುವ ದಾರಿ ಇದೆ, ರ‍್ಯಾಲಿಯಿಂದ ಕಾರಿಗೆ ಮರಳಿ ಬರುವ ದಾರಿ ಮುಚ್ಚಿದೆ. (ಹಳೆಯ ಇಂಪ್ರೆಜಾದ ಆ ಗುಡುಗುಡು ಸದ್ದೂ ಹೋಗಿದೆ. ಅದು ಒಂದಕ್ಕೊಂದು ಉದ್ದ ಹೊಂದದ ಎಕ್ಸಾಸ್ಟ್ ಕೊಳವೆಗಳಿಂದ ಬರುತ್ತಿತ್ತು. ಹೊಸ ಎಂಜಿನ್ನಿಗೆ ಸಮ ಉದ್ದದ ಕೊಳವೆಗಳು ಬಂದು ಟರ್ಬೊಗೆ ಒಳ್ಳೆಯದಾಯಿತು. ನನಗೆ ಅದರ ಬಗ್ಗೆ ವ್ಯಥೆಯಿಲ್ಲ, ಮುತ್ತಣ್ಣನಿಗೆ ಇರಬಹುದು.)

ದಾರಿ ಮುಚ್ಚಿದ್ದು ಬಹಳ ಹಿಂದೇನೂ ಅಲ್ಲ. 2016ರಲ್ಲಿ ಮಾಲಿ ಟೇಲರ್ ಎಂಬ ಯುವತಿ ಆಸ್ಟ್ರೇಲಿಯಾದ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದಳು, ಆ ಪಟ್ಟ ಗೆದ್ದ ಮೊದಲ ಮಹಿಳೆ ಅವಳು. ಅವಳು ಓಡಿಸಿದ್ದು ಮಾರಾಟದ ಕಾರಿಗೆ ಬಹಳ ಹತ್ತಿರದ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ. ಅದಕ್ಕೂ ಮೊದಲು ನ್ಯೂಜಿಲೆಂಡಿನ ಪೊಸಮ್ ಬೌರ್ನ್ ಸುಬಾರುಗಳಲ್ಲಿಯೇ 1996ರಿಂದ 2002ರವರೆಗೆ ಪ್ರತಿ ವರ್ಷವೂ ಇಲ್ಲಿಯ ಪಟ್ಟ ಗೆದ್ದಿದ್ದ. ಇಲ್ಲಿಯ ಹಳಬರು ಡಬ್ಲ್ಯುಆರ್‌ಎಕ್ಸ್ ಮೇಲೆ ಇಟ್ಟಿರುವ ಮಮತೆ ಮೆಕ್‌ರೇಗಿಂತ ಹೆಚ್ಚಾಗಿ ಇಂಥವರಿಂದ ಬಂದದ್ದು: ತಾವು ಕೊಂಡಂಥದೇ ಕಾರು, ತಮ್ಮ ಊರಿನ ಮಣ್ಣಿನಲ್ಲಿ ಗೆದ್ದದ್ದು. ನಮ್ಮಲ್ಲಿ ಮಿತ್ಸುಬಿಶಿಯ ಸೀಡಿಯಾ ಕಾರಿನ ಮೇಲೆ ತಮ್ಮ ಕಾಲದವರಿಗೆ ಇದ್ದ ಗೌರವವೂ ಇದೇ ಬಗೆಯದಲ್ಲವೇ? ಅದಕ್ಕೆ ನಾಲ್ಕು ಚಕ್ರಗಳ ಎಳೆತವೂ ಇರಲಿಲ್ಲ, ಟರ್ಬೊವೂ ಇರಲಿಲ್ಲ. ಆದರೂ ಶೋರೂಮಿನಿಂದ ತಂದು, ಕೇಜ್ ಹಾಕಿ, ಅಡಿಗೆ ಗಾರ್ಡ್ ಕಟ್ಟಿ ತೋಟದ ರಸ್ತೆಗೆ ಇಳಿಸಿದರೆ ಸಂಜೆಗೆ ತಾನೇ ಮನೆಗೆ ಬರುತ್ತಿತ್ತು.

ನಿಜವಾದ ವಾರಸುದಾರ ಯಾರೆಂದು ತಾವು ಕೇಳಿದರೆ, ಈಗ ಅದು ಸೆಡಾನ್ ಅಲ್ಲವೇ ಅಲ್ಲ. 2020ರಲ್ಲಿ ಟೊಯೊಟಾ ಜಿಆರ್ ಯಾರಿಸ್ ಎಂಬ ಮೂರು ಬಾಗಿಲಿನ ಸಣ್ಣ ಕಾರನ್ನು ತಂದಿತು, 1.6 ಲೀಟರಿನ ಮೂರು ಸಿಲಿಂಡರ್ ಟರ್ಬೊ, ನಾಲ್ಕು ಚಕ್ರಗಳ ಎಳೆತ, ಮತ್ತು ಎಳೆದರೆ ಹಿಂದಿನ ಎಳೆತವನ್ನು ಬಿಡಿಸುವ ನಿಜವಾದ ಹ್ಯಾಂಡ್‌ಬ್ರೇಕ್. ಅದನ್ನು ರ‍್ಯಾಲಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದರು. ವಿಪರ್ಯಾಸವೆಂದರೆ 2022ರಿಂದ ವಿಶ್ವ ರ‍್ಯಾಲಿಯ ಮೇಲಿನ ದರ್ಜೆಗೆ ಕೊಳವೆ ಚೌಕಟ್ಟಿನ ಕಾರುಗಳು ಬಂದು, ಶೋರೂಮಿನ ಕಾರಿಗೂ ಅದಕ್ಕೂ ಮುಖದ ಹೋಲಿಕೆ ಮಾತ್ರ ಉಳಿಯಿತು. ಅದರ ಕೆಳಗಿನ ರ‍್ಯಾಲಿ 2 ದರ್ಜೆಯಲ್ಲಿ 2024ರಿಂದ ಜಿಆರ್ ಯಾರಿಸ್ ತನ್ನ ಮೂಲ ಉದ್ದೇಶಕ್ಕೆ ಹತ್ತಿರದ ಕೆಲಸ ಮಾಡುತ್ತಿದೆ.

ಈಗ ಮುತ್ತಣ್ಣನ ಆಕ್ಟೇವಿಯಾ. ಅವನು ಹೇಳಿದ ಗುರುತು ನೋಡಿದರೆ ಅದು 2020ರಲ್ಲಿ ಇನ್ನೂರೇ ಕಾರುಗಳನ್ನು ಹೊರಗಿನಿಂದ ತರಿಸಿ ಭಾರತದಲ್ಲಿ ಮಾರಿದ ಆರ್‌ಎಸ್ 245 ಇರಬೇಕು. ಸ್ಕೋಡಾಗೆ ರ‍್ಯಾಲಿಯ ಇತಿಹಾಸವೇ ಇಲ್ಲವೆಂದು ಹೇಳಲಾಗದು. 1999ರಿಂದ ಆಕ್ಟೇವಿಯಾ ವಿಶ್ವ ರ‍್ಯಾಲಿಯಲ್ಲಿ ಓಡಿದೆ, 2001ರಲ್ಲಿ ಕೀನ್ಯಾದ ಸಫಾರಿ ಸುತ್ತಿನಲ್ಲಿ ಆರ್ಮಿನ್ ಶ್ವಾರ್ಜ್ ಅದನ್ನು ಮೂರನೆಯ ಸ್ಥಾನಕ್ಕೆ ತಂದಿದ್ದ. ಆದರೆ ಆ ಕಾರಿಗೆ ನಾಲ್ಕು ಚಕ್ರಗಳ ಎಳೆತವಿತ್ತು; ಇವನು ನೋಡಿರುವುದಕ್ಕೆ ಎಳೆತ ಮುಂದಿನ ಎರಡಕ್ಕೆ ಮಾತ್ರ, ಗೇರು ತಾನಾಗಿ ಬದಲಾಗುವ ಡಿಎಸ್‌ಜಿ, ನೆಲದಿಂದ ಎತ್ತರ ಕಡಿಮೆ, ಟಯರಿನ ಪಕ್ಕೆ ತೆಳು. ಮುಂದಿನ ಚಕ್ರಗಳ ನಡುವೆ ಒಳ್ಳೆಯ ಲಾಕಿಂಗ್ ಡಿಫರೆನ್ಷಿಯಲ್ ಇರುವುದರಿಂದ ಹುಣಸೂರು ರಸ್ತೆಯ ತಿರುವುಗಳಲ್ಲಿ ಅದು ಬಹಳ ಚೆನ್ನಾಗಿ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ನಮ್ಮ ಗೇಟಿನಿಂದ ಬಂಗಲೆಗೆ ಹೋಗುವ ದಾರಿಯಲ್ಲಿ, ಜುಲೈ ತಿಂಗಳಿನಲ್ಲಿ, ಅದರ ಅಡಿ ಎಷ್ಟು ಕಲ್ಲುಗಳನ್ನು ಮುಟ್ಟುತ್ತದೆಂದು ತಾವೇ ಬಲ್ಲಿರಿ.

ಆದ್ದರಿಂದ ಅವನಿಗೆ ವೇಗದ ಒಳ್ಳೆಯ ಕಾರು ಬೇಕಿದ್ದರೆ ಕೊಳ್ಳಲಿ, ರ‍್ಯಾಲಿಯ ಹೆಸರಿಗೆಂದು ಮಾರುವವನು ಹೆಚ್ಚಿಗೆ ಕೇಳುತ್ತಿರುವ ಹಣವನ್ನು ಮಾತ್ರ ಕೊಡಬಾರದು. ಕೊಳ್ಳುವ ಮುಂಚೆ ತಾವು ಜೊತೆಯಲ್ಲಿ ಹೋಗಿ ಕಾರನ್ನು ರ‍್ಯಾಂಪ್ ಮೇಲೆ ಏರಿಸಿ, ಎಂಜಿನ್ನಿನ ಅಡಿಯ ತಗಡು, ಎಣ್ಣೆ ನಿಲ್ಲುವ ಸಂಪು, ಚಕ್ರದ ಅಂಚುಗಳನ್ನು ನೋಡಿ. ಡಿಎಸ್‌ಜಿಯ ಎಣ್ಣೆ ಬದಲಿಸಿದ ಬಿಲ್ಲು ಕೇಳಿ, ಅದು ಇಲ್ಲವೆಂದರೆ ಮಾತು ಮುಂದುವರಿಸಬೇಡಿ. ಮಣ್ಣಿನಲ್ಲಿ ಓಡಿಸುವ ಚಪಲ ಅವನಿಗೆ ನಿಜವಾಗಿಯೂ ಇದ್ದರೆ ಆ ಹಣದಲ್ಲಿ ಸಣ್ಣ ಪಾಲು ಸಾಕು: ಶೆಡ್ಡಿನಲ್ಲಿ ನಿಂತಿರುವ ತಮ್ಮ ಜಿಪ್ಸಿಗೆ ಹೊಸ ಶಾಕ್ ಅಬ್ಸಾರ್ಬರ್, ಕ್ಲಚ್ ಪ್ಲೇಟ್, ಒಂದು ಜೊತೆ ಒಳ್ಳೆಯ ಟಯರು ಹಾಕಿಸಿ, ಗೋಣಿಕೊಪ್ಪದ ಕಡೆ ಗದ್ದೆ ಕೊಯ್ಲಾದ ಮೇಲೆ ಆಟೊಕ್ರಾಸ್ ಎಂಬ ಮಣ್ಣಿನ ಪಂದ್ಯ ನಡೆದರೆ ಅವನನ್ನು ಇಳಿಸಿ. ಪಕ್ಕದ ಸೀಟಿನಲ್ಲಿ ಕೂರುವುದು ಬೇಡವೆಂದು ಚಿಕ್ಕಮ್ಮ ತಮಗೆ ಹೇಳಿಯೇ ಹೇಳುತ್ತಾರೆ. ಆ ವಿಷಯದಲ್ಲಿ ನಾನು ಅವರ ಕಡೆಗೇ. ಶಾಕ್ ಅಬ್ಸಾರ್ಬರ್ ಅಲ್ಲಿ ಒಳ್ಳೆಯದು ಸಿಗದಿದ್ದರೆ ಅಳತೆ ಬರೆದು ಕಳಿಸಿ, ಮಾರ್ಚಿನಲ್ಲಿ ಬರುವಾಗ ನಾನೇ ತರುತ್ತೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇತಿ ತಮ್ಮ ಆಶೀರ್ವಾದವನ್ನು ಬೇಡುವ,
ಬೋಪಣ್ಣ