ಬಿಪಿ, ಶುಗರ್ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ಫ್ಲೂ ಜ್ವರ ಹಿಡಿದು, ಮೂರನೆಯ ದಿನಕ್ಕೆ ಹೊಟ್ಟೆಯೂ ಕೆಟ್ಟಾಗ, ಪೇಟೆಯ ಒಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೊಡೆ ಮಡಚಿ ನಿಂತಿದ್ದ ನನ್ನನ್ನು ಅಲ್ಲಿಯ ಹುಡುಗ ವಿನಯದಿಂದಲೇ ಕೇಳಿದ: “ಮಾಸ್ತರೇ, ಬಿಪಿ, ಶುಗರ್ ಏನಾದ್ರೂ ಇದ್ಯಾ?” ಎರಡೂ ಇಲ್ಲದ ನಾನು ಇಲ್ಲವೆಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹನ್ನೊಂದು ವರ್ಷಗಳಿಂದ ಪ್ರತಿ ಸಂಜೆ ತಪ್ಪದೆ ನುಂಗುತ್ತ ಬಂದಿರುವ, ರಕ್ತ ತೆಳು ಮಾಡುವ ಮಾತ್ರೆಯ ವಿಷಯ ಅವನ ಪ್ರಶ್ನೆಯಲ್ಲೂ ಬರಲಿಲ್ಲ, ಜ್ವರದ ಮಂಪರಿನಲ್ಲಿದ್ದ ನನ್ನ ಬಾಯಿಗೂ ಬರಲಿಲ್ಲ.

ಅಂಗಡಿಯಿಂದ ತಂದದ್ದು ಬೇಧಿಗೆ ಓಫ್ಲೊಕ್ಸಾಸಿನ್ ಮತ್ತು ಆರ್ನಿಡಜೋಲ್ ಕೂಡಿದ ಆ್ಯಂಟಿಬಯಾಟಿಕ್ ಮಾತ್ರೆ, ಮೈಕೈ ನೋವಿಗೆ ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಕೂಡಿದ ಇನ್ನೊಂದು. ಅದರ ಹಿಂದಿನ ದಿನ ಒಂದು ಕ್ಲಿನಿಕ್ಕಿಗೆ ಹೋಗಿ, ನಾನೇ ಬಾಯಿಬಿಟ್ಟು ಕೇಳಿ, ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದೆ. ಸೂಜಿ ಚುಚ್ಚದ ಡಾಕ್ಟರನ್ನು ಡಾಕ್ಟರೆಂದೇ ಲೆಕ್ಕಕ್ಕೆ ಹಿಡಿಯದ ನಮ್ಮ ಸೀಮೆಯ ರೂಢಿಗೆ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನೂ ಹೊರತಾಗಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕವಳ ಉಗುಳಿದಂತೆ ಕೆಂಪಾಗಿತ್ತು. ನಾನು ಕವಳ ಬಿಟ್ಟು ಹನ್ನೊಂದು ವರ್ಷವಾಗಿದೆ. ಸೂಜಿ ಚುಚ್ಚಿದ ಜಾಗದಿಂದ ತೊಡೆಯ ಹಿಂಭಾಗದವರೆಗೆ ಚರ್ಮವೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುವುದನ್ನು ಹೆಂಡತಿ ನೋಡಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅಂದು ಮಧ್ಯಾಹ್ನ ಬಂದ ಪರೀಕ್ಷಾ ವರದಿಯಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ, 2.5ರಿಂದ 3.5ರೊಳಗೆ ಇರಬೇಕಾದ ನನ್ನ ಐಎನ್‌ಆರ್ 7.6 ಇತ್ತು. ಎರಡು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ, ಮಾತ್ರೆಯನ್ನು ತಡೆಹಿಡಿದು, ವಿಟಮಿನ್ ಕೆಯನ್ನು ಅಳೆದು ತೂಗಿ ಕೊಡಿಸಿಕೊಂಡು ಮನೆಗೆ ಬಂದೆ.

ಇದರಲ್ಲಿ ಅಂಗಡಿಯ ಹುಡುಗನನ್ನಾಗಲಿ ಕ್ಲಿನಿಕ್ಕಿನವರನ್ನಾಗಲಿ ದೂರಲು ಈ ಪತ್ರ ಬರೆಯುತ್ತಿಲ್ಲ. ಹೃದಯದ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯವರು ಯಾವಾಗಲೂ ಜೇಬಿನಲ್ಲಿರಲಿ ಎಂದು ಕೊಟ್ಟ, ನಾನು ರಕ್ತ ತೆಳು ಮಾಡುವ ಮಾತ್ರೆಯವನೆಂದು ತಿಳಿಸುವ ಹಳದಿ ಕಾರ್ಡು ನನ್ನ ಕಪಾಟಿನಲ್ಲಿ, ಮದುವೆ ಮನೆಗಳಲ್ಲಿ ಹೊದೆಸಿದ ಶಾಲುಗಳ ಅಡಿಯಲ್ಲಿ, ಸುರಕ್ಷಿತವಾಗಿತ್ತು. ನಾನು ಹೇಳಲು ಹೊರಟಿರುವುದು ಇಷ್ಟು: ಹೃದಯದ ಕೃತಕ ವಾಲ್ವ್, ಹೃದಯ ಬಡಿತದ ಏರುಪೇರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಮುಂತಾದ ಕಾರಣಗಳಿಗಾಗಿ ಈ ಮಾತ್ರೆ ತೆಗೆದುಕೊಳ್ಳುವವರು ನಮ್ಮ ಜಿಲ್ಲೆಯ ಊರೂರಿನಲ್ಲಿದ್ದಾರೆ, ಅವರಿಗೆ ಸಾಮಾನ್ಯ ಜ್ವರವೂ ಸಾಮಾನ್ಯವಲ್ಲ ಎಂಬುದು ಅವರಿಗೂ, ಅವರ ಕೈಗೆ ಔಷಧಿ ಕೊಡುವವರಿಗೂ ತಿಳಿದಿರಬೇಕು.

ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವುದು ಅಸಿನೋಕೌಮರಾಲ್, ಕೆಲವರಿಗೆ ವಾರ್ಫರಿನ್. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ನಮ್ಮ ಯಕೃತ್ತು ವಿಟಮಿನ್ ಕೆಯ ನೆರವಿನಿಂದ ತಯಾರಿಸುತ್ತದೆ. ಈ ಮಾತ್ರೆಗಳು ಆ ನೆರವನ್ನು ಅರ್ಧಕ್ಕೆ ತಡೆಯುತ್ತವೆ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವನ್ನು ತಿಂದ ದನಗಳು 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದ ಪ್ರಕರಣದಿಂದ ಈ ಔಷಧಿಗಳ ಚರಿತ್ರೆ ಶುರುವಾಗುತ್ತದೆ. ವಾರ್ಫರಿನ್ 1948ರಲ್ಲಿ ಮೊದಲು ಇಲಿ ಪಾಷಾಣವಾಗಿಯೇ ಮಾರಾಟಕ್ಕೆ ಬಂತು. ಮನುಷ್ಯರಿಗೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಇದನ್ನು ಎಲ್ಲೋ ಓದಿಕೊಂಡ ನಮ್ಮೂರಿನ ಗೆಳೆಯರೊಬ್ಬರು ನನ್ನನ್ನು ಕಂಡಾಗಲೆಲ್ಲ “ಪಾಷಾಣದ ಡೋಸು ಆಯ್ತಾ ಮಾಸ್ತರೇ?” ಎಂದು ವಿಚಾರಿಸುವುದುಂಟು. ತಮಾಷೆಯೇ ಆದರೂ, ಪ್ರಮಾಣ ತಪ್ಪಿದರೆ ಮದ್ದು ಏನಾಗುತ್ತದೆ ಎಂಬುದನ್ನು ಅದು ನೆನಪಿಸುತ್ತದೆ.

ಪ್ರಮಾಣ ತಪ್ಪುವುದಕ್ಕೆ ನಾವು ಮಾತ್ರೆಯನ್ನು ಹೆಚ್ಚು ನುಂಗಬೇಕೆಂದಿಲ್ಲ, ಜ್ವರ ಬಂದರೆ ಸಾಕು. ಜ್ವರದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಎಂದಿಗಿಂತ ಬೇಗ ಕರಗಿಹೋಗುತ್ತವೆ. ಬಾಯಿರುಚಿ ಕೆಟ್ಟು, ದಿನವೂ ಊಟದಲ್ಲಿರುತ್ತಿದ್ದ ಒಂದೆಲಗದ ತಂಬುಳಿ, ಹರಿವೆ ಸೊಪ್ಪಿನ ಪಲ್ಯ, ಬಸಳೆಯ ಹುಳಿ ಎಲ್ಲ ಬಿಟ್ಟುಹೋಗಿ, ಗಂಜಿ ಮತ್ತು ಮಿಡಿ ಉಪ್ಪಿನಕಾಯಿಯ ನೀರಿಗೆ ಬಂದು ನಿಲ್ಲುತ್ತೇವೆ. ಸೊಪ್ಪಿನೊಂದಿಗೆ ಬರುತ್ತಿದ್ದ ವಿಟಮಿನ್ ಕೆ ಅಲ್ಲಿಗೆ ನಿಂತಿತು. ಬೇಧಿಯಾದರೆ ಇದ್ದದ್ದೂ ಮೈಗೆ ಹತ್ತುವುದಿಲ್ಲ. ಇವುಗಳ ಮೇಲೆ ಆ್ಯಂಟಿಬಯಾಟಿಕ್ ಬಿದ್ದರೆ, ಕರುಳಿನಲ್ಲಿ ಅಷ್ಟಿಷ್ಟು ವಿಟಮಿನ್ ಕೆ ತಯಾರಿಸುವ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಮೆಟ್ರೋನಿಡಜೋಲ್, ಕೋಟ್ರೈಮಾಕ್ಸಜೋಲ್‌ನಂಥವು ಯಕೃತ್ತು ಈ ಮಾತ್ರೆಯನ್ನು ಒಡೆದು ಹೊರಹಾಕುವ ಕೆಲಸವನ್ನೇ ನಿಧಾನಗೊಳಿಸುತ್ತವೆ. ಹೀಗೆ ಎಂದಿನ ಅದೇ ಮಾತ್ರೆ ಮೈಯೊಳಗೆ ಎರಡು ಪಾಲು ಕೆಲಸ ಮಾಡತೊಡಗುತ್ತದೆ. ಫ್ಲೂ ವೈರಸ್ಸಿನಿಂದ ಬರುವ ಕಾಯಿಲೆಯಾದ್ದರಿಂದ ಬರಿಯ ಫ್ಲೂಗೆ ಆ್ಯಂಟಿಬಯಾಟಿಕ್ ಉಪಯೋಗಕ್ಕೇ ಬರುವುದಿಲ್ಲ ಎಂಬುದನ್ನು ಬೇರೆ ಹೇಳಬೇಕೆ?

ನೋವಿನ ಮಾತ್ರೆಗಳ ದಾರಿ ಬೇರೆ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನಿಮೆಸುಲೈಡ್ ಇವು ಜಠರದ ಒಳಪದರವನ್ನು ಕೆರೆಯುತ್ತವೆ. ಅಲ್ಲಿ ರಕ್ತ ಜಿನುಗತೊಡಗಿದರೆ, ತೆಳುವಾದ ರಕ್ತ ನಿಲ್ಲುವುದು ಕಷ್ಟ. ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ ಸಾಕು ಎಂದು ನನ್ನ ಹೃದಯದ ಡಾಕ್ಟರು ಹೇಳಿದ್ದಾರೆ, ಆದರೆ ಅದಕ್ಕೂ ಒಂದು ಮಿತಿಯಿದೆ. ದಿನಕ್ಕೆ ಎರಡು ಗ್ರಾಮಿಗಿಂತ ಹೆಚ್ಚು ಪ್ಯಾರಸಿಟಮಾಲ್ ಅನ್ನು ಸತತ ಕೆಲವು ದಿನ ತೆಗೆದುಕೊಂಡರೆ ಅದೂ ಐಎನ್‌ಆರ್ ಏರಿಸಬಲ್ಲದು. 650 ಮಿಲಿಗ್ರಾಮಿನ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ ನುಂಗಿದವನು 2,600 ಮಿಲಿಗ್ರಾಂ ನುಂಗಿದ ಹಾಗಾಯಿತು. ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ನಿನ ಕಥೆಯನ್ನು ನನ್ನ ತೊಡೆಯೇ ಹೇಳಿದೆ. ಫ್ಲೂ ಲಸಿಕೆ ಮಾತ್ರ ಇದಕ್ಕೆ ಹೊರತು. ಸಣ್ಣ ಸೂಜಿಯಲ್ಲಿ ತೋಳಿಗೆ ಹಾಕಿ, ಆ ಜಾಗವನ್ನು ತಿಕ್ಕದೆ ಕೆಲವು ನಿಮಿಷ ಒತ್ತಿ ಹಿಡಿದರೆ ನಮ್ಮಂಥವರಿಗೂ ಅದನ್ನು ಕೊಡಬಹುದು. ಈ ವರ್ಷ ಡಾಕ್ಟರನ್ನು ಕೇಳಿ ನಾನು ಹಾಕಿಸಿಕೊಂಡಿದ್ದೇನೆ.

ಇಷ್ಟೆಲ್ಲ ಓದಿ ಹೆದರಿ, ಜ್ವರ ಬಂದ ಕೂಡಲೇ ರಕ್ತ ತೆಳು ಮಾಡುವ ಮಾತ್ರೆಯನ್ನೇ ನಿಲ್ಲಿಸಿಬಿಡುವವರಿದ್ದಾರೆ. ಅದು ಇನ್ನೂ ದೊಡ್ಡ ಅಪಾಯ. ಲೋಹದ ವಾಲ್ವಿನ ಮೇಲೆ ಹೆಪ್ಪು ಕಟ್ಟಿದರೆ ವಾಲ್ವೇ ಸಿಕ್ಕಿಹಾಕಿಕೊಳ್ಳಬಹುದು, ಹೆಪ್ಪಿನ ತುಣುಕು ಮಿದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯಬಹುದು. ಅಸಿನೋಕೌಮರಾಲ್‌ನ ಪ್ರಭಾವ ಸುಮಾರು ಎರಡು ದಿನಗಳಲ್ಲಿ ಇಳಿದುಹೋಗುವುದರಿಂದ ಅದನ್ನು ಬಿಟ್ಟವನಿಗೆ ಯೋಚಿಸಲು ಹೆಚ್ಚು ಸಮಯವೂ ಇರುವುದಿಲ್ಲ. ವಾಂತಿಯಿಂದಲೋ ಮರೆವಿನಿಂದಲೋ ಒಂದು ದಿನದ ಮಾತ್ರೆ ತಪ್ಪಿತೆಂದು ಮರುದಿನ ಎರಡು ನುಂಗುವುದೂ ಸಲ್ಲದು. ರಿವರೋಕ್ಸಬಾನ್, ಅಪಿಕ್ಸಬಾನ್, ಡಬಿಗಟ್ರಾನ್ ಎಂಬ ಹೊಸ ಮಾತ್ರೆಗಳಿಗೆ ಐಎನ್‌ಆರ್ ನೋಡುವ ಗೋಜಿಲ್ಲ. ಆದರೆ ವಾಂತಿಬೇಧಿಯಿಂದ ಮೈಯ ನೀರಿನಂಶ ಬತ್ತಿ ಮೂತ್ರಪಿಂಡ ಸೋತರೆ, ವಿಶೇಷವಾಗಿ ಡಬಿಗಟ್ರಾನ್, ರಕ್ತದಲ್ಲಿ ಶೇಖರವಾಗುತ್ತದೆ. ಅವನ್ನು ತೆಗೆದುಕೊಳ್ಳುವವರೂ ಜ್ವರದಲ್ಲಿ ತಮ್ಮ ಡಾಕ್ಟರಿಗೆ ಒಂದು ಫೋನು ಮಾಡುವುದೇ ಲೇಸು.

ಹಾಗಾದರೆ ಮಾಡಬೇಕಾದದ್ದೇನು? ಜ್ವರ ಬಂದ ಮೂರು ನಾಲ್ಕು ದಿನಗಳೊಳಗೆ, ಹೊಸ ಔಷಧಿ ಶುರುವಾಗಿದ್ದರಂತೂ ಖಂಡಿತವಾಗಿ, ಐಎನ್‌ಆರ್ ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದಂತೆ ಪ್ರಮಾಣ ಬದಲಿಸಬೇಕು. ಜ್ವರ ಬಿಟ್ಟು, ಊಟ ಸೇರಿ, ಆ್ಯಂಟಿಬಯಾಟಿಕ್ ಮುಗಿದ ಮೇಲೆ ಮತ್ತೊಮ್ಮೆ ಮಾಡಿಸಬೇಕು, ಏಕೆಂದರೆ ಜ್ವರದಲ್ಲಿ ಇಳಿಸಿದ ಪ್ರಮಾಣ ಆಗ ಸಾಲದಾಗುತ್ತದೆ. ಈ ಎರಡನೆಯ ಪರೀಕ್ಷೆಯನ್ನು ಬಹಳ ಜನ ಬಿಡುತ್ತಾರೆ. ವಸಡಿನಲ್ಲಿ, ಮೂಗಿನಲ್ಲಿ ರಕ್ತ, ಕೆಂಪು ಮೂತ್ರ, ಡಾಂಬರಿನಂಥ ಕಪ್ಪು ಮಲ ಕಂಡರೆ, ಅಥವಾ ಜ್ವರದ ನಿತ್ರಾಣದಲ್ಲಿ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದರೆ, ಪರೀಕ್ಷೆಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಜ್ವರವೆಂದರೆ ಬರಿಯ ಫ್ಲೂ ಅಲ್ಲ. ಮಳೆಗಾಲದ ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಇಳಿಯುತ್ತದೆ. ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಇಲಿ ಜ್ವರ ತಗಲುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, 2024ರಲ್ಲಿ ಸಿದ್ದಾಪುರ ತಾಲೂಕನ್ನು ಕಾಡಿದ ಮಂಗನ ಕಾಯಿಲೆ ಬೇಸಿಗೆಯಲ್ಲಿ ಉಣುಗಿನಿಂದ ಹರಡುತ್ತದೆ. ಇವು ಮೂರೂ ತಾವಾಗಿಯೇ ರಕ್ತಸ್ರಾವ ಮಾಡಿಸಬಲ್ಲ ಜ್ವರಗಳು. ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುವವರು “ಫ್ಲೂ ಇರಬೇಕು” ಎಂಬ ಊಹೆಯ ಮೇಲೆ ಮಲಗಿಕೊಳ್ಳಬಾರದು; ಐಎನ್‌ಆರ್ ಜೊತೆಗೆ ಪ್ಲೇಟ್‌ಲೆಟ್ ಎಣಿಕೆಯನ್ನೂ ಮಾಡಿಸಿಕೊಳ್ಳಬೇಕು.

ಮಾಡಿಸಿಕೊಳ್ಳಬೇಕು ಎಂದು ಬರೆಯುವುದು ಸುಲಭ. ನಮ್ಮ ಹಳ್ಳಿಯಿಂದ ರಕ್ತ ಕೊಡಲು 28 ಕಿಲೋಮೀಟರ್ ಹೋಗಬೇಕು, ಬೆಳಗಿನ ಬಸ್ಸಿಗೆ ಹೋದವನು ವರದಿ ಹಿಡಿದು ಬರುವುದು ಸಂಜೆಯ ಬಸ್ಸಿಗೆ. ಜ್ವರದವನಿಗೆ ಇದು ಆಗುವ ಮಾತಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾದ ದಿನಗಳನ್ನು ಕಂಡವರಿಗೆ, ಮಳೆಗಾಲದಲ್ಲಿ ದೂರದ ಊರಿನ ಪ್ರಯೋಗಾಲಯವನ್ನು ನಂಬಿ ಕೂರುವುದು ಎಂಥದೆಂದು ವಿವರಿಸಬೇಕಿಲ್ಲ.

ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಐಎನ್‌ಆರ್ ಪರೀಕ್ಷೆಗೆ ರಕ್ತವನ್ನು ನೀಲಿ ಮುಚ್ಚಳದ ಸಿಟ್ರೇಟ್ ಕೊಳವೆಯಲ್ಲಿ ಗೆರೆಯವರೆಗೆ ಸರಿಯಾಗಿ ತುಂಬಿಸಿ ತೆಗೆದರೆ, ಅದನ್ನು ಕೋಣೆಯ ಉಷ್ಣಾಂಶದಲ್ಲಿಟ್ಟು 24 ಗಂಟೆಗಳೊಳಗೆ ಪರೀಕ್ಷಿಸಬಹುದು. ಎಂದರೆ ರೋಗಿ ಓಡಾಡಬೇಕಿಲ್ಲ, ಕೊಳವೆ ಓಡಾಡಿದರೆ ಸಾಕು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆ ತೆಗೆದ ರಕ್ತವನ್ನು ತಾಲೂಕು ಆಸ್ಪತ್ರೆಗೆ ಕಳಿಸಿ, ಸಂಜೆ ಫೋನಿನಲ್ಲಿ ಸಂಖ್ಯೆ ತಿಳಿಸುವ ವ್ಯವಸ್ಥೆ ಸಾಧ್ಯ. ಬೆರಳ ತುದಿಯ ಒಂದು ಹನಿಯಲ್ಲಿ ಒಂದೆರಡು ನಿಮಿಷದಲ್ಲಿ ಐಎನ್‌ಆರ್ ತೋರಿಸುವ, ಶುಗರ್ ನೋಡುವ ಯಂತ್ರದಂಥದೇ ಯಂತ್ರಗಳೂ ಇವೆ. ಘಟ್ಟದ ಮೇಲಿನ ಕೇಂದ್ರಗಳಿಗೆ ಒಂದೊಂದನ್ನು ಕೊಡಬಹುದು. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದಲ್ಲಿಯೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಸರಕಾರಕ್ಕೆ ಇದು ಭಾರವಾಗಲಾರದು.

ಅಲ್ಲಿಯವರೆಗೆ, ಯಾವ ಯಾವ ಆಸ್ಪತ್ರೆಯಲ್ಲಿ ವಾರದ ಯಾವ ದಿನ ಈ ಪರೀಕ್ಷೆ ನಡೆಯುತ್ತದೆ ಎಂಬ ಪಟ್ಟಿಯನ್ನಾದರೂ ಜಿಲ್ಲೆಯ ಪ್ರತಿಯೊಂದು ಆರೋಗ್ಯ ಕೇಂದ್ರದ ಫಲಕದ ಮೇಲೆ ಈ ಮಳೆಗಾಲಕ್ಕೆ ಮೊದಲು ಹಚ್ಚಬೇಕೆಂದೂ, ಔಷಧಿ ಅಂಗಡಿಯವರು ಬಿಪಿ, ಶುಗರ್ ಕೇಳುವ ಉಸಿರಿನಲ್ಲಿಯೇ “ರಕ್ತ ತೆಳು ಮಾಡುವ ಮಾತ್ರೆ ಇದ್ಯಾ?” ಎಂದೂ ಕೇಳಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ನನ್ನ ಹಳದಿ ಕಾರ್ಡು ಈಗ ಬಸ್ ಪಾಸಿನ ಜೊತೆ ಅಂಗಿಯ ಜೇಬಿನಲ್ಲಿದೆ.

ಇಂತಿ ತಮ್ಮ ಓದುಗ,
ಒಬ್ಬ ನಿವೃತ್ತ ಶಿಕ್ಷಕ,
ಶಿರಸಿ ತಾಲೂಕು, ಉತ್ತರ ಕನ್ನಡ