ಅಘನಾಶಿನಿಯ ಮಳೆಗಾಲವೂ ನಕ್ಷೆಯಲ್ಲಿ ಇರಲಿ

ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ,

ನಮಸ್ಕಾರ. ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯ ಗಜನಿ, ಅಂದರೆ ಉಪ್ಪುನೀರಿನ ಪಕ್ಕದ ಕಟ್ಟೆ ಹಾಕಿದ ತಗ್ಗು ಗದ್ದೆ, ನೋಡುತ್ತಾ ಬೆಳೆದವನು. 2024ರ ಜನವರಿಯಲ್ಲಿ ನಮ್ಮ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದಾಗ ಊರಿನವರೆಲ್ಲ ತುಂಬಾ ಖುಷಿಪಟ್ಟೆವು. 4,801 ಹೆಕ್ಟೇರ್ ಜಾಗ. ಆದರೆ ಅದರಲ್ಲಿ ನೀರೆಷ್ಟು, ಕಗ್ಗದ (ಉಪ್ಪು ತಡೆಯುವ ಭತ್ತ) ಗದ್ದೆ ಎಷ್ಟು, ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಎಷ್ಟು ಅನ್ನುವುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆ ಬದಲಾವಣೆ ಕಾಣುವ ನಕ್ಷೆ ಬೇಕು ಅಂತ ಕೇಳಲು ಈ ಪತ್ರ.

ಮಾಮೂಲಿ ಉಪಗ್ರಹ ಚಿತ್ರ ಫೋಟೋ ಇದ್ದ ಹಾಗೆ, ಮೋಡ ಕವಿದರೆ ಮೋಡವೇ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಮೋಡ ಬಿಡುವುದೇ ಕಷ್ಟ ಅಲ್ವಾ. ಹಾಗಾಗಿ ಚೆನ್ನಾಗಿರುವ ಚಿತ್ರಗಳೆಲ್ಲ ಬೇಸಿಗೆಯವು. ಕಗ್ಗ ಬೆಳೆಯುವುದು ಮಳೆಗಾಲದಲ್ಲಿ, ಮಳೆನೀರು ಮಣ್ಣಿನ ಉಪ್ಪು ತೊಳೆದ ಮೇಲೆ. ಬೇಸಿಗೆಯ ಚಿತ್ರ ಹಿಡಿದುಕೊಂಡು ಬಂದು ನಮ್ಮ ದೊಡ್ಡಪ್ಪನ ಗಜನಿಯನ್ನು ಪಾಳು ಅಂತ ಬರೆದುಕೊಂಡು ಹೋದವರಿದ್ದಾರೆ. ಅದೇ ವರ್ಷ ಅಲ್ಲಿ ಎದೆಮಟ್ಟ ಕಗ್ಗ ನಿಂತಿತ್ತು. ದೊಡ್ಡಪ್ಪ ಆ ನೋವನ್ನು ಇವತ್ತಿಗೂ ಮರೆತಿಲ್ಲ.

ರಾಡಾರ್‌ಗೆ ಮೋಡವೂ ಅಡ್ಡವಿಲ್ಲ, ರಾತ್ರಿಯೂ ಅಡ್ಡವಿಲ್ಲ. ರಾಡಾರ್ ಇರುವ ಉಪಗ್ರಹ ತಾನೇ ರೇಡಿಯೋ ಅಲೆ ಕಳಿಸಿ ವಾಪಸ್ ಬಂದಿದ್ದನ್ನು ಅಳೆಯುತ್ತದೆ. ಸುಮ್ನೆ ನಿಂತ ನೀರಿನ ಮೇಲೆ ಬಿದ್ದ ಅಲೆ ಆಚೆಗೆ ಜಾರಿಹೋಗುತ್ತದೆ, ಚಿತ್ರದಲ್ಲಿ ಆ ಜಾಗ ಕಪ್ಪು. ನೀರಲ್ಲಿ ಗಿಡ ನಿಂತಿದ್ದರೆ ಅಲೆ ನೀರಿಗೆ ಬಡಿದು, ಕಾಂಡಕ್ಕೆ ಬಡಿದು, ಬಂದ ದಾರಿಯಲ್ಲೇ ತಿರುಗುತ್ತದೆ, ಹಾಗಾಗಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಮೇಲಿಂದ ಬರೀ ಹಸಿರು ಕಂಡರೂ ಅಡಿಯಲ್ಲಿ ನೀರಿರುವುದು ಹೀಗೆ ಗೊತ್ತಾಗುತ್ತದೆ. ಯುರೋಪಿನ ರಾಡಾರ್ ಉಪಗ್ರಹ ಸೆಂಟಿನೆಲ್-1ರ ಅಲೆ ಸುಮಾರು 5.6 ಸೆಂ.ಮೀ. ಉದ್ದ, ದಟ್ಟ ಕಾಂಡ್ಲಾದಲ್ಲಿ ಅದು ಹೆಚ್ಚಾಗಿ ಎಲೆಗಳಲ್ಲೇ ನಿಂತುಬಿಡುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ಅಲೆ ಸುಮಾರು 24 ಸೆಂ.ಮೀ. ಇದೆ, ಅದು ಎಲೆ ದಾಟಿ ಕೆಳಗಿಳಿಯಬಲ್ಲದು. 12 ದಿನಕ್ಕೊಮ್ಮೆ ಅದೇ ಹಾದಿಗೆ ಬರುತ್ತದೆ.

ತೊಡಕುಗಳೂ ಇವೆ. ಗಾಳಿಗೆ ನೀರು ಅಲೆಯೆದ್ದರೆ ನೆಲದ ಹಾಗೆ ಕಾಣಬಹುದು. ಅದಕ್ಕಿಂತ ದೊಡ್ಡದು ಭರತ-ಇಳಿತ. ಬೆಳಿಗ್ಗೆ ಮುಳುಗಿದ ಜಾಗ ಮಧ್ಯಾಹ್ನಕ್ಕೆ ಕೆಸರಾಗಿರುತ್ತದೆ, ಹಾಗಾಗಿ ಉಪಗ್ರಹ ಹಾದುಹೋದ ಹೊತ್ತಿಗೆ ಭರತವಿತ್ತಾ ಇಳಿತವಿತ್ತಾ ಅಂತ ಪ್ರತಿ ನಕ್ಷೆಯ ಮೇಲೂ ಬರೆದಿರಲೇಬೇಕು. ಹಾಗೆ ಬರೆದರೆ ಇನ್ನೊಂದು ಲಾಭವಿದೆ, ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಕಟ್ಟೆ ಒಡೆದ, ಜಂತ್ರಡಿ (ಕಟ್ಟೆಯಲ್ಲಿ ನೀರು ತಡೆಯುವ, ಬಿಡುವ ಬಾಗಿಲು) ಹಾಳಾದ ಗಜನಿ ಭರತಕ್ಕೆ ತುಂಬಿ ಇಳಿತಕ್ಕೆ ಬರಿದಾಗುತ್ತದೆ. ಕಟ್ಟೆ ಗಟ್ಟಿಯಿದ್ದ ಗಜನಿ ಹಾಗೆ ಮಾಡುವುದಿಲ್ಲ. ಭರತದ ಚಿತ್ರಗಳನ್ನೂ ಇಳಿತದ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಟ್ಟೆ ಮೊದಲು ರಿಪೇರಿ ಆಗಬೇಕು ಅನ್ನುವುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ. ಉಪ್ಪುನೀರು ನುಗ್ಗಿ ಕಗ್ಗ ಬಿಟ್ಟ ಗಜನಿಗಳಿಗೆ ಕಾಂಡ್ಲಾ ಹಬ್ಬುವುದನ್ನೂ ವರ್ಷ ವರ್ಷ ಹೋಲಿಸಬಹುದು.

ಸೆಂಟಿನೆಲ್-1ರ ಚಿತ್ರಗಳು 2014ರಿಂದ ಇವೆ, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನಲ್ಲಿ ರಾಜ್ಯದ್ದೇ ದೂರ ಸಂವೇದಿ ಅನ್ವಯಿಕ ಕೇಂದ್ರವಿದೆ. ಜೂನ್‌ನಿಂದ ನವೆಂಬರ್ ತನಕದ ನಕ್ಷೆ ಮಾಡಲು ದಯವಿಟ್ಟು ಆ ಕೇಂದ್ರಕ್ಕೆ ಹೇಳಿ. ಕನ್ನಡದಲ್ಲಿ ಮಾಡಿಸಿ ಪಂಚಾಯಿತಿಗಳಲ್ಲಿ ಹಾಕಿಸಿ. ಅಲ್ಲಿಯವರೆಗೆ ಬೇಸಿಗೆಯ ಒಂದು ಚಿತ್ರ ನೋಡಿ ಯಾರ ಗಜನಿಯ ಗಡಿಯನ್ನೂ ಗುರುತಿಸಬೇಡಿ.

ನಕ್ಷೆ ಸರಿಯಿದೆಯಾ ಅಂತ ನೆಲದ ಮೇಲೆ ನೋಡಲು ನಿಮ್ಮವರು ಬರಲಿ. ಚಿಪ್ಪಿ ತೆಗೆಯುವ ಹೆಂಗಸರಿಗೆ, ದೋಣಿ ಇರುವವರಿಗೆ ಎಲ್ಲಿ ಎಷ್ಟು ನೀರಿರುತ್ತದೆ ಅಂತ ಗೊತ್ತು. ಬರುವ ಮೊದಲು ಅವರನ್ನೇ ಕೇಳಿ ಇಳಿತದ ಹೊತ್ತು ಗೊತ್ತು ಮಾಡಿಕೊಳ್ಳಲಿ, ಒಡೆದ ಕಟ್ಟೆಗಳು ಆಗಲೇ ಚೆನ್ನಾಗಿ ಕಾಣುವುದು.

ಇಂತಿ,
ಅಘನಾಶಿನಿ ದಡದ ಒಬ್ಬ ಗಜನಿ ಮನೆಯವ