ಪತ್ರಮೈತ್ರಿಗೆ ಮೂರಿಂಚು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಾನು ಕಾಸರಗೋಡಿನ ನೀರ್ಚಾಲಿನವಳು. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಪತ್ರಿಕೆಗೆ ಬರೆಯುವುದು ಇದೇ ಮೊದಲು. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ಹಾಕಿ, ನನ್ನದೂ ಅದೇ ಕೆಲಸ, ಬೇಸರ ಇಲ್ಲ.

1989ರಲ್ಲಿ ನನಗೆ 18 ವರ್ಷ. ಆಗ ವಾರಪತ್ರಿಕೆಗಳಲ್ಲಿ ಪತ್ರಮೈತ್ರಿ ಅಂತ ಒಂದು ಅಂಕಣ ಬರುತ್ತಿತ್ತು. ಹೆಸರು, ಪ್ರಾಯ, ವಿಳಾಸ, ಹವ್ಯಾಸ, ಅಷ್ಟೇ. ಹವ್ಯಾಸ ಹೆಚ್ಚಿನವರದ್ದು ಒಂದೇ: ಅಂಚೆಚೀಟಿ ಸಂಗ್ರಹ, ರೇಡಿಯೋ ಕೇಳುವುದು. ಒಬ್ಬಳು ಮಾತ್ರ ‘ಎಮ್ಮೆ ಕಾಯುವುದು’ ಅಂತ ಹಾಕಿದ್ದಳು. ವಿಳಾಸ ಮಹಾರಾಷ್ಟ್ರದ್ದು. ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕು, ಮೈಂದರ್ಗಿ ಹತ್ತಿರದ ಒಂದು ಹಳ್ಳಿ. ನಾನು 15 ಪೈಸೆಯ ಕಾರ್ಡಿನಲ್ಲಿ ಕೇಳಿದೆ: ‘ನಿಮ್ಮ ಎಮ್ಮೆಗೆ ಕನ್ನಡ ಬರುತ್ತದೆಯೇ?’ ಮೂರು ವಾರ ಬಿಟ್ಟು ಉತ್ತರ ಬಂತು: ‘ಬರುತ್ತದೆ. ಮರಾಠಿಯೂ ಬರುತ್ತದೆ. ಹಾಲು ಮಾತ್ರ ಎರಡರಲ್ಲೂ ಕಡಿಮೆ.’ ಅಲ್ಲಿಂದ ಶುರು. ಗೆಳತಿಯ ಹೆಸರು ಹಾಕುವುದಿಲ್ಲ, ಬೇಡ ಅಂದಿದ್ದಾಳೆ.

ನಮ್ಮ ಪಿನ್‌ಕೋಡ್ 671ರಿಂದ ಶುರುವಾಗುತ್ತದೆ, ಅವಳದ್ದು 413ರಿಂದ. ಕರ್ನಾಟಕದ್ದು 5. ನಾನು ಆರು, ಅವಳು ನಾಲ್ಕು, ನಡುವೆ ಐದು. ಅವಳಿಗೆ ಶಾಲೆಯ ಅಭ್ಯಾಸದಿಂದ ಅಂಕಿ ಮರಾಠಿಯಲ್ಲೇ ಬರುತ್ತಿತ್ತು. ಮರಾಠಿಯ ಒಂದು ನಮ್ಮ ಕಣ್ಣಿಗೆ ಒಂಬತ್ತು. ಹಾಗಾಗಿ 671 ಅಂತ ಬರೆದದ್ದು 679 ಆಗಿ, ಅವಳ ಒಂದು ಇನ್‌ಲ್ಯಾಂಡ್ ಪಾಲಕ್ಕಾಡ್ ಕಡೆ ಹೋಗಿ, ಅಲ್ಲಿಯ ಮುದ್ರೆ ಹೊತ್ತುಕೊಂಡು, ಒಂದೂವರೆ ತಿಂಗಳ ಮೇಲೆ ನಮ್ಮ ಮನೆಗೆ ಬಂತು. ತಪ್ಪು ಯಾರದ್ದೂ ಅಲ್ಲ. ಅಷ್ಟು ಸುತ್ತಿದರೂ ಬಂತಲ್ಲ, ಅದೇ ದೊಡ್ಡದು. ಆಮೇಲೆ ಅವಳು ಇಂಗ್ಲಿಷ್ ಅಂಕಿಯನ್ನು ಅಡಿಕೆಯಷ್ಟು ದಪ್ಪ ಬರೆಯತೊಡಗಿದಳು.

ರಾಜ್ಯಗಳ ಗಡಿ ತಕರಾರಿನ ಬಗ್ಗೆ ಬಂದ 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ಕಡೆಯೂ ಉಂಟು, ಅವಳ ಅಕ್ಕಲಕೋಟೆಯೂ ಉಂಟು. ಎರಡೂ ಕರ್ನಾಟಕಕ್ಕೆ ಸೇರಲಿ ಅಂತ ಬರೆದದ್ದು. ವರದಿ ಬಂದಾಗ ನಾವಿಬ್ಬರೂ ಹುಟ್ಟಿರಲಿಲ್ಲ. ಅದರ ಬಗ್ಗೆ ಇನ್ನು ನಾನು ಬರೆದು ಆಗುವುದೇನೂ ಇಲ್ಲ, ಮುಂದೆ ಹೋಗುತ್ತೇನೆ.

ಮದುವೆ, ಮಕ್ಕಳು, ಬಾಣಂತನ, ಅತ್ತೆಯ ಕಾಯಿಲೆ. ಎಲ್ಲ ಕಾಗದದಲ್ಲೇ ಆಯಿತು. ಫೋನ್ ಬಂದ ಮೇಲೂ ಮಾತಾಡಿದ್ದು ಎರಡೇ ಸಲ. ಎರಡೂ ಸಾವಿನ ಸುದ್ದಿ. ಎರಡೂ ಸಲ ಅಳು ಜಾಸ್ತಿ, ಮಾತು ಕಡಿಮೆ. ಇದನ್ನು ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗುತ್ತದೆ.

ಈ ಜನವರಿಯಲ್ಲಿ ಮಗ ‘ಅಮ್ಮ, ಹೋಗಿಯೇ ಬಿಡುವ’ ಅಂದ. ಹಳೇ ಆಲ್ಟೊ ಕಾರು. ನಾನು, ನಮ್ಮ ಮನೆಯವರು, ಮಗ. ಡಿಕ್ಕಿಯಲ್ಲಿ 100 ಹಲಸಿನ ಹಪ್ಪಳ, ಎರಡು ಸುರುಳಿ ಮಾಂಬಳ, ಹತ್ತು ತೆಂಗಿನಕಾಯಿ. ದಾರಿ ಸುಲಭ. ತಲಪಾಡಿ ದಾಟಿ ಅಂಕೋಲದ ವರೆಗೆ 66ನೇ ಹೆದ್ದಾರಿ, ಅಲ್ಲಿ ಬಲಕ್ಕೆ ತಿರುಗಿದರೆ 52. ಸೊಲ್ಲಾಪುರದ ವರೆಗೂ ಅದೇ. ಅರಬೈಲ್ ಘಾಟಿ ಹತ್ತುವಾಗ ಕಾರು ಕೆಮ್ಮಿತು, ಹುಬ್ಬಳ್ಳಿಯಲ್ಲಿ ಮಲಗಿದೆವು. ಮರುದಿನ ಮಣ್ಣು ಕಪ್ಪಾಗುತ್ತಾ ಹೋಯಿತು, ಮರ ಕಡಿಮೆಯಾಗುತ್ತಾ ಬಂತು. ಕೊಲ್ಹಾರದಲ್ಲಿ ಮಡಕೆ ಮೊಸರು ತಿಂದೆವು. ಮಡಕೆ ಬೋರಲು ಹಾಕಿದರೂ ಬೀಳದ ಮೊಸರು ಅಂತ ಮಾರುವವನು ಹೇಳಿದ. ನಮ್ಮವರು ಹಾಕಿ ನೋಡಿದರು. ಬೀಳಲಿಲ್ಲ. ಧೂಳಖೇಡದಲ್ಲಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಕನ್ನಡದ ಒಂದು ಮನೆಯಿಂದ ಕನ್ನಡದ ಇನ್ನೊಂದು ಮನೆಗೆ ಹೋಗಲು ಕರ್ನಾಟಕದ ಒಳಗೆ ಹೊಕ್ಕು ಆಚೆ ಕಡೆ ಹೊರಗೆ ಬಂದಿದ್ದೆವು.

ಗೆಳತಿ ಬಾಗಿಲಲ್ಲಿ ನಿಂತಿದ್ದಳು. ಫೋಟೋದಲ್ಲಿ ಕಂಡದ್ದಕ್ಕಿಂತ ಗಿಡ್ಡ. ಇಬ್ಬರೂ ಅಳಲಿಲ್ಲ, ಅದೇ ಆಶ್ಚರ್ಯ. ಅವಳು ‘ಬರ್ರಿ ಅಕ್ಕಾರ, ಎಷ್ಟ್ ತ್ರಾಸ ಆತೋ ಏನೋ’ ಅಂದಳು. ನಾನು ‘ಬಚ್ಚಿತು ಮಾರಾಯ್ತಿ’ ಅಂದೆ. ನಮ್ಮ ಕಡೆ ಬಚ್ಚಿತು ಅಂದರೆ ಸುಸ್ತಾಯಿತು ಅಂತ. ಅವಳು ನನ್ನ ಕೈಚೀಲ ನೋಡಿ ‘ಏನ್ ಬಚ್ಚಿಟ್ರೀ?’ ಅಂತ ಕೇಳಿದಳು.

ಕೈಕಾಲು ತೊಳೆದದ್ದೇ ತಡ, ‘ಆ ಖೋಲ್ಯಾಗ ಅಡ್ಡಾಗ್ರಿ’ ಅಂತ ಒಳಗಿನ ಕೋಣೆ ತೋರಿಸಿದಳು. ನಮ್ಮವರು ನನ್ನ ಕಿವಿಯಲ್ಲಿ, ‘ಕೋಳಿಗೂಡಿನಲ್ಲಿ ಮಲಗಿಸುತ್ತಾರಾ?’ ಅಂದರು. ನಾನು ‘ಉಂಟು’ ಅಂದರೆ ಅವಳಿಗೆ ನಗು, ಅವಳು ಬೇಗ ಅನ್ನುವುದಕ್ಕೆ ‘ಲಗೂ’ ಅಂದರೆ ನನಗೆ ಅರ್ಥವಾಗಲಿಕ್ಕೆ ಲಗೂ ಆಗಲಿಲ್ಲ. 36 ವರ್ಷ ಒಬ್ಬರ ಹೊಟ್ಟೆಯೊಳಗಿನದ್ದು ಇನ್ನೊಬ್ಬರಿಗೆ ಗೊತ್ತು. ಎದುರು ಕೂತರೆ ಅರ್ಧ ಮಾತು ಗೊತ್ತಿಲ್ಲ!

ಆಗ ಅವಳು ಒಂದು ಕೆಲಸ ಮಾಡಿದಳು. ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ಕೂತು, ‘ತಾವು ಕ್ಷೇಮವೆಂದು ಭಾವಿಸುತ್ತೇನೆ. ಇತ್ತ ನಾವೂ ಕ್ಷೇಮ’ ಅಂದಳು. ಕಾಗದದ ಮೊದಲ ಸಾಲು! ನಾನೂ ಹಾಗೆಯೇ ಶುರು ಮಾಡಿದೆ. ಆ ಸಂಜೆ ಒಂದು ಗಂಟೆ ಕಾಗದದ ಕನ್ನಡದಲ್ಲೇ ಮಾತಾಡಿದೆವು, ಯಕ್ಷಗಾನದ ಅರ್ಥಧಾರಿಗಳ ಹಾಗೆ. ಮಗ ಹೊರಗೆ ಹೋಗಿ ನಕ್ಕು ಬಂದ. ಆದರೆ ಮಾತು ಸಾಗಿತು. ನಮ್ಮಿಬ್ಬರ ಬಾಯಿಯದ್ದೂ ಅಲ್ಲದ ಆ ಶಾಲೆಯ ಕನ್ನಡವೇ ನಮಗೆ ಸಿಕ್ಕಿದ ಸಂಕ, ಅಂದರೆ ಕಾಲುಸೇತುವೆ. ಮಾರನೇ ದಿನ ಅದರ ಮೇಲೆ ಅವಳ ಮಾತೂ ನನ್ನ ಮಾತೂ ಧಾರಾಳ ಓಡಾಡಿದವು, ಅದು ಬೇರೆ.

ಬೆಳಿಗ್ಗೆ ಹೊಲಕ್ಕೆ ಕರೆದುಕೊಂಡು ಹೋದಳು. ಪ್ರತಿ ಜನವರಿಯ ಕಾಗದದಲ್ಲಿ ‘ಸೀತನಿ ಶುರುವಾಗಿದೆ’ ಅಂತ ಬರೆಯುತ್ತಿದ್ದಳು. ನಾನು ಯಾವುದೋ ದೇವಿಯ ಜಾತ್ರೆ ಅಂತ ತಿಳಿದು ‘ಪ್ರಸಾದ ಕಳಿಸಿ’ ಅಂತ ಬರೆದದ್ದೂ ಉಂಟು. ಸೀತನಿ ಅಂದರೆ ಎಳೆ ಜೋಳದ ತೆನೆ. ನೆಲದಲ್ಲಿ ಸಣ್ಣ ಗುಂಡಿ ತೋಡಿ, ಬೆರಣಿಯ ಕೆಂಡ ಮಾಡಿ, ತೆನೆಯನ್ನು ಅದರೊಳಗೆ ಹೂತು ಸುಡುತ್ತಾರೆ. ಅವಳು ಬಿಸಿ ತೆನೆಯನ್ನು ಎರಡು ಅಂಗೈ ನಡುವೆ ಇಟ್ಟು ಗಸಗಸ ತಿಕ್ಕಿದಳು, ಉಫ್ ಅಂತ ಹೊಟ್ಟು ಊದಿದಳು, ಹಸಿರು ಕಾಳು ನನ್ನ ಕೈಗೆ ಸುರಿದಳು. ಮೇಲೆ ಶೇಂಗಾ ಚಟ್ನಿ. ಕಾಳು ಹಲ್ಲಿಗೆ ಸಿಕ್ಕಿದರೆ ಹಾಲು. ನಾನು ತಿಕ್ಕಲು ಹೋಗಿ ಅಂಗೈ ಸುಟ್ಟುಕೊಂಡೆ. ಸೂಜಿ ಹಿಡಿದು ದಡ್ಡುಗಟ್ಟಿದ ಬೆರಳು ನನ್ನದು, ಅಂಗೈ ಮಾತ್ರ ಮೆತ್ತಗೆ. ಅವಳದ್ದು ಅಂಗೈಯೇ ದಡ್ಡು.

1996ರಲ್ಲಿ ಅವಳು ಖಣದ ಬಟ್ಟೆ ಕಳಿಸಿದ್ದಳು, ಕುಪ್ಪಸ ಹೊಲಿಯಲು. ಅಳತೆಗೆ ಇನ್‌ಲ್ಯಾಂಡಿನ ಒಳಗೆ ದಾರದ ತುಂಡುಗಳು. ದಾರದ ಅಳತೆಯ ಮೇಲೆ ನಂಬಿಕೆ ಬಾರದೆ ಒಳಹೊಲಿಗೆಗೆ ಬಟ್ಟೆ ಜಾಸ್ತಿ ಬಿಟ್ಟು ಹೊಲಿದು ಕಳಿಸಿದ್ದೆ. ಅದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದಳು. ಎರಡು ಸಲ ಹೊಲಿಗೆ ಬಿಚ್ಚಿ ಅಗಲ ಮಾಡಿಸಿದ್ದಾಳೆ, ಇನ್ನೂ ಅರ್ಧ ಇಂಚು ಬಾಕಿ ಉಂಟು.

ಈಗ ಮುಖ್ಯ ವಿಷಯ. ಅವಳ ಮೊಮ್ಮಗಳು ಕನ್ನಡ ಶಾಲೆಗೆ ಹೋಗುತ್ತಾಳೆ. ಪುಣೆಯ ಬಾಲಭಾರತಿ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ, ಅಚ್ಚು ಹಾಕಿದ ಕನ್ನಡ ಪುಸ್ತಕ ಅವಳದ್ದು. ನಮ್ಮ ಮಕ್ಕಳು ಓದುವುದು ಕೇರಳ ಸರಕಾರದ ಕನ್ನಡ ಪುಸ್ತಕ. ಮೊಮ್ಮಗಳನ್ನು ಕೇಳಿದೆ, ‘ಕಾಸರಗೋಡು ಗೊತ್ತುಂಟಾ?’ ಇಲ್ಲ ಅಂದಳು. ಅಲ್ಲಿಯೂ ಕನ್ನಡ ಶಾಲೆ ಉಂಟು ಅಂದರೆ ‘ಖರೇನ?’ ಅಂತ ಅಜ್ಜಿಯ ಮುಖ ನೋಡಿದಳು. ಊರಿಗೆ ಬಂದು ಇಲ್ಲಿನ ಮಕ್ಕಳನ್ನು ಅಕ್ಕಲಕೋಟೆ ಗೊತ್ತುಂಟಾ ಅಂತ ಕೇಳಿದೆ. ಅದೇ ಉತ್ತರ. ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಜತ್ತ, ಆಂಧ್ರದ ಮಡಕಶಿರಾ ಅಂದರೂ ಅಷ್ಟೇ. ಈ ಮಕ್ಕಳಿಗೆ ಮನೆಯಲ್ಲಿ ಮಾತಿಗೆ ಕೊರತೆ ಇಲ್ಲ. ಕನ್ನಡದಲ್ಲಿ ಬರೆದದ್ದಕ್ಕೆ ಪರೀಕ್ಷೆಯ ಮಾರ್ಕ್ ಬಿಟ್ಟರೆ ಬೇರೆ ಉತ್ತರ ಬರುವುದಿಲ್ಲ.

ಹಾಗಾಗಿ ಕೇಳುವುದು ಇಷ್ಟೇ. ನಿಮ್ಮ ಮಕ್ಕಳ ಪುಟದಲ್ಲಿ ತಿಂಗಳಿಗೊಮ್ಮೆ ಮೂರಿಂಚು ಜಾಗ ಕೊಡಿ. ಗಡಿಯ ಕನ್ನಡ ಶಾಲೆಗಳ ಮಕ್ಕಳಿಗೆ ಪತ್ರಮೈತ್ರಿ. ಹಿಂದಿನ ಹಾಗೆ ಹೆಣ್ಣುಮಕ್ಕಳ ಮನೆ ವಿಳಾಸ ಅಚ್ಚು ಹಾಕುವ ಕಾಲ ಇದಲ್ಲ, ಗೊತ್ತು. ನನಗೂ ಆಗ ಬೇಡದ ಕಾಗದ ಕೆಲವು ಬಂದಿದ್ದವು, ಅಪ್ಪ ಒಲೆಗೆ ಹಾಕಿದ್ದರು. ಶಾಲೆಯ ವಿಳಾಸ, ಟೀಚರ ಮೂಲಕ, ಮಗುವಿನ ತರಗತಿ, ಹವ್ಯಾಸ. ಇಷ್ಟು ಸಾಕು. ಹವ್ಯಾಸ ಮಾತ್ರ ನಿಜವಾದದ್ದು ಹಾಕಿಸಿ. ವಾಟ್ಸ್‌ಆ್ಯಪ್ ಇರುವಾಗ ಇದೆಲ್ಲ ಯಾಕೆ ಅಂತ ಮಗನೂ ಕೇಳಿದ. ಅವನಿಗೆ ಅವಳ ಕಾಗದದ ಟ್ರಂಕ್ ಪೆಟ್ಟಿಗೆ ತೋರಿಸಿದೆ, ಕೂತು ಓದಿದ. ಮತ್ತೆ ಕೇಳಲಿಲ್ಲ.

ಹೋಗಿ ಬಂದ ಮೇಲೆ ಅವಳ ಮೊದಲ ಕಾರ್ಡ್ ಕಳೆದ ವಾರ ಬಂತು. ‘ತಾವು ಕ್ಷೇಮವೆಂದು ಭಾವಿಸುತ್ತೇನೆ’ ಇಲ್ಲ. ‘ಅಕ್ಕಾರ, ಊರು ಮುಟ್ಟಿದ್ರೇನ್ರಿ? ಭಾಳ ಬಚ್ಚಿತೇನು?’ ಅಂತ ಶುರು.

ನಮ್ಮೂರ ಶಾಲೆಯ ಟೀಚರ ಹತ್ತಿರ ಮಾತಾಡಿದ್ದೇನೆ, ಐದನೇ ಕ್ಲಾಸಿನ ಮಕ್ಕಳು ತಯಾರಿದ್ದಾರೆ. ಅವರಿಗೆ ಅಂತ ಮೊನ್ನೆ ಅಂಚೆ ಕಚೇರಿಯಲ್ಲಿ 50 ಕಾರ್ಡ್ ತೆಗೆದುಕೊಂಡೆ. ಒಂದಕ್ಕೆ 50 ಪೈಸೆ, ಒಟ್ಟು 25 ರೂಪಾಯಿ. ಕೌಂಟರಿನ ಹುಡುಗಿ ಎರಡು ಸಲ ಎಣಿಸಿ, ‘ಇಷ್ಟೊಂದು ಯಾರಿಗೆ?’ ಅಂತ ಮಲಯಾಳದಲ್ಲಿ ಕೇಳಿದಳು. ವಿಳಾಸ ಪೇಪರಿನಲ್ಲಿ ಬರಬೇಕಷ್ಟೆ ಅಂದಿದ್ದೇನೆ.

ಇಂತಿ,
ನಿಮ್ಮ ಹಳೇ ಓದುಗಾರ್ತಿ
ನೀರ್ಚಾಲು, ಕಾಸರಗೋಡು ಜಿಲ್ಲೆ